ಕೋಟು ಮಾತ್ರ ಹಾಜರು

ವೃದ್ಧರ ಆರೈಕೆ ಗೃಹದ ವ್ಯವಸ್ಥಾಪಕರಿಗೆ, ಮಹಡಿಯ ಮೂಲೆಯ ಕೋಣೆಯಲ್ಲಿರುವ ನಿವೃತ್ತ ಶಿಕ್ಷಕಿಯ ನಮಸ್ಕಾರಗಳು.

ನನ್ನ ಕೋಣೆಯ ಜೊತೆಗಾತಿಯ ಸಾವಿಗೆ ನರ್ಸಮ್ಮನ ನಿರ್ಲಕ್ಷ್ಯವೇ ಕಾರಣವೆಂದು ಆಕೆಯನ್ನು ಕೆಲಸದಿಂದ ತೆಗೆಯಲಿದ್ದೀರಂತೆ. ಅದಕ್ಕೆ ನನ್ನ ಸಾಕ್ಷಿ ಬೇಕೆಂದು ಹೇಳಿಕಳುಹಿಸಿದ್ದೀರಿ. ನಿರ್ಲಕ್ಷ್ಯವೆಂಬ ಪದ ಸರಿಯಾಗಿದೆ. ಅದನ್ನು ಯಾರ ಮೇಲೆ ಹೊರಿಸಬೇಕೆಂಬುದರಲ್ಲಿ ತಪ್ಪಿದ್ದೀರಿ.

ಇಲ್ಲಿ ಪೂರ್ಣಾವಧಿ ವೈದ್ಯರಿದ್ದಾರೆಂದು ಭೇಟಿಗೆ ಬರುವ ಬಂಧುಗಳು ನಂಬಲೆಂದು, ವೈದ್ಯರ ಕೋಣೆಯ ಗೂಟಕ್ಕೆ ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಬಿಳಿ ಕೋಟೊಂದನ್ನು ತೂಗುಹಾಕಿಸುತ್ತೀರಿ. ಅದನ್ನು ತೊಟ್ಟವರನ್ನು ನಾವಾರೂ ಕಂಡಿಲ್ಲ. ಜೊತೆಗಾತಿಗೆ ಎದೆನೋವು ಬಂದಾಗ ನರ್ಸಮ್ಮ ಫೋನು ಹಿಡಿದು ಅತ್ತಳು:

"ಟೀಚರಮ್ಮಾ, ಡಾಕ್ಟರು ಹೇಳದೆ ಆಂಬುಲೆನ್ಸ್ ಕರೀಬಾರ್ದು ಅಂತ ಮ್ಯಾನೇಜರ್ ಸಾಹೇಬ್ರ ಆರ್ಡರು. ಡಾಕ್ಟರು ಫೋನೇ ಎತ್ತುತ್ತಿಲ್ಲ!"

"ಹಾಗಾದ್ರೆ ಆ ಕೋಟನ್ನೇ ಕರ್ಕೊಂಡು ಬಾರೇ," ಎಂದರು ಜೊತೆಗಾತಿ, ಏದುಸಿರಿನ ನಡುವೆಯೂ. ಅಷ್ಟರಲ್ಲೇ ಅವರ ಉಸಿರು ನಿಂತಿತು. ನರ್ಸಮ್ಮ ನಿಮ್ಮ ಆಜ್ಞೆ ಮೀರಿ ಆಂಬುಲೆನ್ಸ್ ಕರೆದಳು. ಅದು ಬರುವವರೆಗೂ ಅವರ ಎದೆ ಒತ್ತುತ್ತಲೇ ಇದ್ದಳು.

ನಾಳೆ ಮೃತರ ಮಗಳು ಬರುತ್ತಾರೆ. ಆಗ ನರ್ಸಮ್ಮನನ್ನೂ ನಿಮ್ಮ ಕಚೇರಿಗೆ ಕರೆಸಿರಿ. ದಯವಿಟ್ಟು ನನಗೊಂದು ಕುರ್ಚಿ ಹಾಕಿಸಿರಿ. ನಾನು ಹೆಚ್ಚು ಹೊತ್ತು ನಿಲ್ಲಲಾರೆ, ಹೇಳಬೇಕಾದುದು ಬಹಳವಿದೆ.

ಇಂತು,
ನೀವೇ ಕರೆದ ಸಾಕ್ಷಿ