ಸವೇರಿಯೊನಿಗೊಂದು ಜಾಗ

ಕಲಾಬ್ರಿಯಾ
ನವೆಂಬರ್ 3, 2009

ಮಗೂ ಕೋಸಿಮೊ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. ಉಣ್ಣೆಯ ಬನಿಯನ್ ಕಳಿಸಿದ್ದೇನೆ, ಕುರಿಹಾಲಿನ ಚೀಸೂ ಇದೆ. ಈ ವರ್ಷ ಆಲಿವ್ ಕಾಯಿ ಚೆನ್ನಾಗಿ ಹಿಡಿದಿದೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುತ್ತಿಲ್ಲ.

"ಚಿಕ್ಕಮ್ಮ, ಸಾಯೋತನಕ ಜೈಲು ಅಂದ್ರೆ ದಿನಾ ಸಾಯೋದು. ಕ್ಷಮಿಸಿದೀನಿ ಅಂತ ಅಗಾತಾ ಬರ್ಕೊಟ್ರೆ ನನ್ನ ಬಿಡುಗಡೆ ಅರ್ಜಿಗೆ ಬಲ ಬರತ್ತೆ. ನೀನು ಕೇಳಿದ್ರೆ ಇಲ್ಲ ಅನ್ನಲ್ಲ" ಎಂದು ಬರೆದಿದ್ದೀಯ. ಅನ್ನುವುದಿಲ್ಲ, ನಿಜ. ಅವಳ ಮಗ ಸವೇರಿಯೊನನ್ನು ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ಎತ್ತಿಕೊಂಡವಳು ನಾನು. ಅಂದಿನಿಂದ ನಾವಿಬ್ಬರೂ ಕೊಮಾರೆಗಳು. ಒಡಹುಟ್ಟಿದವಳಿಗೆ ಇಲ್ಲವೆನ್ನಬಹುದು, ಕೊಮಾರೆಗೆ ಅನ್ನುವಂತಿಲ್ಲ. ಆ ಹುಡುಗನನ್ನೇ ಕೊಂದು, ಈಗ ಆ ಸಂಬಂಧದ ಹೆಸರಲ್ಲೇ ನನ್ನನ್ನು ಅವಳ ಮುಂದೆ ನಿಲ್ಲಿಸಿದೆಯಲ್ಲೋ.

ಆದರೂ ಹೋದೆ. ನಿನ್ನೆ ಸತ್ತವರ ಹಬ್ಬ, ಊರೆಲ್ಲ ಸೇವಂತಿಗೆ ಹಿಡಿದು ಸ್ಮಶಾನದಲ್ಲಿತ್ತು. ಅಗಾತಾ ನಮ್ಮ ಹಳೆಯ ಅಂಚೆಯವನ ಸಮಾಧಿ ಒರೆಸುತ್ತಿದ್ದಳು. ಮಗನಿಗೆ ಸಮಾಧಿಯಿಲ್ಲವಲ್ಲ, ಪ್ರತಿವರ್ಷ ಯಾರದಾದರೂ ಗೋರಿಗೆ ಹೂವಿಡುತ್ತಾಳೆ.

"ಈ ಸಲ ಇವನ ಪಾಲು," ಅಂದಳು. "ಬದುಕಿದ್ದಾಗ ಒಂದು ಕಾಗದಾನೂ ಸರಿಯಾಗಿ ತಲುಪಿಸ್ಲಿಲ್ಲ ಸೋಮಾರಿ. ಹೂವಾದ್ರೂ ತಲುಪಿಸ್ತಾನೇನೋ ನೋಡೋಣ."

ವಿಷಯ ಹೇಳಿದೆ. ಅವಳು ಬಟ್ಟೆ ಹಿಂಡುತ್ತಲೇ ಇದ್ದಳು.

"ಆಯ್ತು ಕೊಮಾರೆ, ಬರ್ಕೊಡ್ತೀನಿ. ಹೊರಗೆ ಬರ್ಲಿ, ಉಂಡು ಮಲಗ್ಲಿ. ಎಲ್ಲಿ ಹೂತಿದಾನೆ ಅಂತ ಒಂದು ಹೇಳಿಬಿಡ್ಲಿ."

"ಹೇಳಲ್ವಂತೆ. ಹೇಳಿದ್ರೆ ಜೊತೆಗಿದ್ದವ್ರ ಹೆಸರೂ ಬರತ್ತಂತೆ. ಗಂಡಸಾದವ್ನು ಬಾಯಿ ಬಿಡಬಾರದಂತೆ."

"ಓಹೋ. ಹಾಗಾದ್ರೆ ಗಂಡಸಾಗೇ ಒಳಗಿರ್ಲಿ ಬಿಡು."

ಬಾಯಿ ಬಿಡದವರಿಗೆ ಜೈಲಿನ ಬಾಗಿಲೂ ತೆರೆಯುವುದಿಲ್ಲ, ಕಾನೂನೇ ಹಾಗಿದೆ ಎಂದು ನಿನ್ನ ವಕೀಲರೇ ಹೇಳಿದರು. ಆ ಕಾನೂನು ಕ್ರೂರ ಅನ್ನುತ್ತೀಯ. ಇರಬಹುದು. ಮನುಷ್ಯನನ್ನು ಸಾಯುವತನಕ ಕೂಡಿಹಾಕುವುದು ನನಗೂ ಸರಿಕಾಣುವುದಿಲ್ಲ. ಆದರೆ ಅಗಾತಾಳಿಗೆ ಜೀವಾವಧಿ ವಿಧಿಸಿದ ನ್ಯಾಯಾಧೀಶ ಯಾರು? ನೀನು. ಅವಳಿಗೆ ಅರ್ಜಿ ಹಾಕಲು ಕಚೇರಿಯೂ ಇಲ್ಲ. ನೀನು ಯಾರ ಹೆಸರು ಕಾಯುತ್ತಿದ್ದೀಯೋ ಅವರು ದಿನಾ ಚೌಕದಲ್ಲಿ ಕಾಫಿ ಕುಡಿಯುತ್ತಾರೆ, ನನ್ನನ್ನು ಕಂಡರೆ ಟೋಪಿ ತೆಗೆಯುತ್ತಾರೆ. ನಿನಗೆ ಒಂದು ಜೊತೆ ಕಾಲುಚೀಲವನ್ನಾದರೂ ಕಳಿಸಿದ್ದಾರೆಯೇ?

ಚಳಿ ಶುರುವಾಗಿದೆ, ಬನಿಯನ್ ಹಾಕಿಕೋ. ಮಾತೆ ಮರಿಯಾ ನಿನ್ನನ್ನು ಕಾಯಲಿ. ಅದಕ್ಕೂ ಮೊದಲು ನಿನ್ನ ನಾಲಗೆ ಸಡಿಲಿಸಲಿ.

ನಿನ್ನನ್ನು ಸಾಕಿದ ಚಿಕ್ಕಮ್ಮ,
ಫಿಲೊಮೆನಾ

ತಾ.ಕ.: ನಮ್ಮ ಮನೆತನದ ಸಮಾಧಿಯಲ್ಲಿ ನಿನ್ನಮ್ಮನ ಪಕ್ಕ ಶವಪೆಟ್ಟಿಗೆ ಇಡುವ ಒಂದೇ ಗೂಡು ಉಳಿದಿತ್ತು. ನಿನಗೆಂದು ಇಟ್ಟುಕೊಂಡಿದ್ದೆ. ನಿನ್ನೆ ಅದನ್ನು ಸವೇರಿಯೊನಿಗೆ ಕೊಟ್ಟುಬಿಟ್ಟೆ. ಹೆಸರು ಕೆತ್ತುವವನು ಗುರುವಾರ ಬರುತ್ತಾನೆ. "ಒಳಗೆ ಏನಿಡೋದು, ಕೊಮಾರೆ?" ಎಂದು ಅಗಾತಾ ಕೇಳಿದಳು. ನಿನ್ನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.