ಮ್ಯಾಚ್ ದಿನದ ಪಟ್ಟಿ

ಮೇ 5

ಬೆಳಿಗ್ಗೆ ರಬ್ಬರ್ ತೋಟದ ಮೇಲಿನ ಇಂಟರ್ನೆಟ್ ಲೈನ್ ರಿಪೇರಿ. ಮತ್ತೆ ಅಳಿಲು ಕಡಿದಿದೆ. ಮೂರು ಕಡೆ ಜಾಯಿಂಟ್ ಹಾಕಿದೆ. ತೋಟದ ಮನೆಯವರು ಚಹಾ ಕೊಟ್ಟರು. ಸೇವಂತಿಯ ಸುದ್ದಿ ತೆಗೆಯಲಿಲ್ಲ. ಒಳ್ಳೆಯದಾಯಿತು.

ಹೆಂಡತಿ ತೀರಿಹೋಗಿ ಇವತ್ತಿಗೆ ಇಪ್ಪತ್ತನಾಲ್ಕು ದಿನ.

ಮಧ್ಯಾಹ್ನ ಕಡಬದ ಆಫೀಸಿನಲ್ಲಿ ಮಾಲಕರು ತ್ಯಾಂಪಣ್ಣ ಖುಷಿಯಲ್ಲಿದ್ದರು. ಭಾನುವಾರ ಪುತ್ತೂರಿನಲ್ಲಿ ನಮ್ಮಂಥ ಸಣ್ಣ ಇಂಟರ್ನೆಟ್‌ನವರ ಮೀಟಿಂಗ್. ಸರಕಾರದ ಕಡೆಯ ಅಧಿಕಾರಿ ಬರುತ್ತಾರಂತೆ. ನೆಟ್‌ನಲ್ಲಿ ಯಾವುದನ್ನು ಮೊದಲು ಬಿಡುವುದು, ಯಾವುದನ್ನು ತಡೆದು ಆಮೇಲೆ ಬಿಡುವುದು— ಅದರ ಮೇಲೆ ಸರಕಾರದ ಹಿಡಿತ ಬೇಕೋ ಬೇಡವೋ ಎಂದು ಕೇಳುತ್ತಾರಂತೆ.

"ನೀನು ಮಾತಾಡಬೇಕು ಕುಕ್ಕಪ್ಪ."

"ನಾನೆಂತ ಮಾತಾಡುದು?"

"ನಿನ್ನ ಪಟ್ಟಿಯ ವಿಷಯ ಹೇಳು ಮಾರಾಯ. ಮೊದಲು ಮ್ಯಾಚ್ ಇದ್ದ ದಿನ ನೆಟ್ ನಿಧಾನ ಅಂತ ಫೋನ್ ಮೇಲೆ ಫೋನ್, ಬೈಗುಳ. ನೀನು ಮೆಷಿನಿನಲ್ಲಿ ಪಟ್ಟಿ ಮಾಡಿ ಮ್ಯಾಚನ್ನು ಮುಂದೆ, ಉಳಿದದ್ದನ್ನು ಹಿಂದೆ ಬಿಟ್ಟ ಮೇಲೆ ಒಬ್ಬ ಬೈದಿದ್ದಾನಾ? ಡೆಲ್ಲಿಯಲ್ಲಿ ಕೂತವರಿಗೆ ನಮ್ಮ ಗುಡ್ಡದ ಲೈನ್ ಎಂತ ಗೊತ್ತುಂಟು?"

"ಮೈಕ್ ಹಿಡಿದರೆ ಕೈ ನಡುಗ್ತದೆ."

"ಕಂಬದ ಮೇಲೆ ನಡುಗುದಿಲ್ಲ, ಮೈಕಿಗೆ ನಡುಗುದಾ?"

ಒಪ್ಪಿದೆ. ಪಿಯುಸಿ ಫೇಲಾದವನನ್ನು ಇದುವರೆಗೆ ಯಾರೂ ಮಾತಾಡಲು ಕರೆದಿರಲಿಲ್ಲ.

ಮೇ 6

ಮಗಳು ಹೇಮಶ್ರೀ ಇವತ್ತೂ ಕ್ಲಿನಿಕ್ಕಿನ ಜಸೀನಾ ಸಿಸ್ಟರಿಗೆ ಬೈದಳು. "ಅಮ್ಮ ಎದೆ ಹಿಡಿದು ಕೂತಿದ್ದು. ಆ ನರ್ಸ್ ಮುಕ್ಕಾಲು ಗಂಟೆ ಫೋನ್ ನೋಡ್ತಾ ಇದ್ದದ್ದು." ಅಂಗಡಿಯಲ್ಲೂ ಬಸ್ಸಿನಲ್ಲೂ ಇದನ್ನೇ ಹೇಳುತ್ತಾಳೆ. ಊರವರು ಕ್ಲಿನಿಕ್ಕಿಗೆ ಹೋಗುವುದು ಕಡಿಮೆ ಮಾಡಿದ್ದಾರೆ. ಸಿಸ್ಟರನ್ನು ತೆಗೆಯುತ್ತಾರೆ ಎಂದೂ ಸುದ್ದಿ.

ಮಗಳನ್ನು ತಡೆಯಲಿಲ್ಲ. ನನಗೂ ಹಾಗೇ ಅನಿಸಿತ್ತು. ಈಸಿಜಿ ತೆಗೆದು ಫೋಟೋವನ್ನು ಮಂಗಳೂರಿನ ಡಾಕ್ಟರಿಗೆ ಕಳಿಸುವುದು, ಅವರು ಹೇಳಿದ ಹಾಗೆ ಮಾಡುವುದು. ಎರಡು ನಿಮಿಷದ ಕೆಲಸ. ಆಂಬುಲೆನ್ಸ್ ಪುತ್ತೂರಿನ ದಾರಿಯಲ್ಲಿ ಸವಣೂರು ದಾಟುವಾಗ ಸೇವಂತಿ ಇರಲಿಲ್ಲ.

ನಾನು ಅಂದು ಆಫೀಸಿನಲ್ಲಿದ್ದೆ. ಮ್ಯಾಚ್ ಇತ್ತು.

ಮೇ 8, ಮಧ್ಯಾಹ್ನ 3

ಕ್ಲಿನಿಕ್ಕಿನಿಂದ ಕಂಪ್ಲೇಂಟ್. ಸಿಡಿಲಿಗೆ ರೂಟರ್ ಹೋಗಿದೆ. ಬೇರೆ ಯಾರೂ ಇರಲಿಲ್ಲ, ನಾನೇ ಹೋದೆ. ಬದಲಿಸಿ ಹೊರಟಾಗ ಸಿಸ್ಟರ್ ಬಾಗಿಲಿಗೆ ಬಂದರು.

"ಕುಕ್ಕಪ್ಪಣ್ಣ, ಒಂದು ತೋರಿಸುದಾ? ಬೈಬೇಡಿ."

ಫೋನ್ ಹಿಡಿದರು. ಸೇವಂತಿಯ ಈಸಿಜಿ. ಏಪ್ರಿಲ್ 11, ಸಂಜೆ 7.41. ಕೆಳಗೆ ಅವರದೇ ಮೆಸೇಜುಗಳು. 7.49— ಸರ್ ಫೋಟೋ ಬಂತಾ. 7.56— ಸರ್. 8.05— ಸರ್ ಪ್ಲೀಸ್. ಡಾಕ್ಟರ ಉತ್ತರ 8.24ಕ್ಕೆ. 'ಎಲ್ಲ ಈಗ ಒಟ್ಟಿಗೆ ಬಂತು. ಕೂಡಲೇ ಹೊರಡಿಸಿ.'

"ಕಾಲ್ ಮಾಡಲಿಲ್ಲವಾ?"

"ಇಲ್ಲಿ ಟವರ್ ಎಲ್ಲಿ ಉಂಟು? ಕಾಲ್ ಸಹ ನಿಮ್ಮ ವೈಫೈಯಲ್ಲೇ. ರಿಂಗೇ ಆಗಲಿಲ್ಲ. ಸೇವಂತಿಯಕ್ಕ ಗ್ಯಾಸ್ ಅಂತಲೇ ಹೇಳ್ತಾ ಇದ್ದರು. ಆ ಗೆರೆ ಓದಲಿಕ್ಕೆ ನನಗೆ ಬರುದಿಲ್ಲ ಅಣ್ಣ. ಈಗ ಬರ್ತದೆ, ಈಗ ಬರ್ತದೆ ಅಂತ ಕಾದೆ."

"ಹೇಮಶ್ರೀಗೆ ಇದನ್ನು ತೋರಿಸಬಹುದಿತ್ತಲ್ಲ?"

"ಅಮ್ಮ ಹೋದ ಮಗು. ನೆಟ್ ಇರಲಿಲ್ಲ ಅಂದರೆ ಕೇಳುದಾ?"

ನೆಟ್ ಇತ್ತು. ಅಂದು ಯಾವ ಲೈನೂ ಕಟ್ಟಾಗಿರಲಿಲ್ಲ...

ಅದೇ ದಿನ, 5.30

ಆಫೀಸಿನ ಮೆಷಿನ್ ತೆರೆದು ನೋಡಿದೆ. ಏಪ್ರಿಲ್ 11. ಪಟ್ಟಿ ಆನ್, 7.25. ಆಫ್, 8.23. ಎರಡೂ ಕಡೆ ನನ್ನ ಹೆಸರು.

8.23ಕ್ಕೆ ಮಳೆ ಬಂದು ಮ್ಯಾಚ್ ನಿಂತಿತ್ತು. ಅದಕ್ಕೆ ಪಟ್ಟಿ ತೆಗೆದೆ. ಮರು ನಿಮಿಷವೇ ಅವಳ ಈಸಿಜಿಯ ಫೋಟೋ ಹೋಗಿದೆ.

ಪಟ್ಟಿಯಲ್ಲಿ ಮೊದಲು ಮ್ಯಾಚ್. ಕೊನೆಗೆ ಫೋಟೋ, ಮೆಸೇಜ್, ವೈಫೈ ಕಾಲ್. ಕೊನೆಗೆ ಹಾಕಿದ್ದು ನಾನೇ. ಗುಡ್ ಮಾರ್ನಿಂಗ್ ಹೂವು, ಮದುವೆ ಫೋಟೋ... ತಡವಾದರೆ ಯಾರಿಗೆ ಏನು ನಷ್ಟ ಎಂದು ತ್ಯಾಂಪಣ್ಣನಿಗೆ ಹೇಳಿದ್ದೂ ನಾನೇ. ಅಂದು ಇಬ್ಬರೂ ನಕ್ಕಿದ್ದೆವು.

ಸ್ಕ್ರೀನ್ ಆಫ್ ಮಾಡಿದೆ.

ಮೇ 10

ನಿನ್ನೆ ಕೆಲಸಕ್ಕೆ ಹೋಗಲಿಲ್ಲ. ಇವತ್ತು ಹೋಗಿ ತ್ಯಾಂಪಣ್ಣನಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀನು ಬೇಕೂಂತ ಮಾಡಿದ್ದಲ್ಲ."

"ಅಲ್ಲ."

"ಇನ್ನು ಕ್ಲಿನಿಕ್ಕನ್ನು ಪಟ್ಟಿಯಲ್ಲಿ ಮೊದಲು ಹಾಕುವ. ಆಯ್ತಲ್ಲ?"

"ಆಗ ಕೊನೆಗೆ ಯಾರನ್ನು ಹಾಕುದು?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನಾನು ಹೊರಟಾಗ ಹೇಳಿದರು— "ನಾಳೆ ಮೀಟಿಂಗಿಗೆ ಬರುದು ಬೇಡ. ಬಂದರೂ ಸುಮ್ಮನೆ ಕೂತುಕೋ. ನೀನು ಹೇಳಿ ನನ್ನ ಲೈಸೆನ್ಸ್ ಹೋದರೆ ಹೋಗಲಿ. ಆಮೇಲೆ ನಿನ್ನ ಹುಡುಗಿ ನಿನ್ನ ಮುಖ ನೋಡ್ತಾಳಾ? ಅದು ಆಲೋಚನೆ ಮಾಡು."

ಅದನ್ನೇ ಆಲೋಚಿಸುತ್ತಿದ್ದೇನೆ. ಸುಮ್ಮನಿದ್ದರೆ ಸಿಸ್ಟರ್ ಕೆಲಸ ಕಳಕೊಳ್ಳುತ್ತಾರೆ. ಹೇಳಿದರೆ ಹೇಮಶ್ರೀಯೂ ಹೋಗುತ್ತಾಳೆ. ನನಗೆ ಉಳಿದಿರುವವಳು ಅವಳೊಬ್ಬಳೇ.

ಮೇ 11, ಭಾನುವಾರ, ಪುತ್ತೂರು ಬಸ್‌ಸ್ಟ್ಯಾಂಡ್

ಮಾತಾಡಿದೆ. ಮೈಕನ್ನು ಎರಡೂ ಕೈಯಲ್ಲಿ ಹಿಡಿದೆ. ಪಟ್ಟಿ ಹೇಗೆ ಮಾಡಿದೆ ಎಂದು ಹೇಳಿದೆ. 7.41 ಹೇಳಿದೆ. 8.24 ಹೇಳಿದೆ. ಯಾರ ಫೋಟೋ ಎಂದೂ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಲೋಟ ಕೆಳಗಿಟ್ಟದ್ದು ಕೇಳಿಸಿತು.

ಅಧಿಕಾರಿ ಮೆಲ್ಲಗೆ ಹೇಳಿದರು, "ಹೀಗೆ ಮಾಡಬಾರದು ಅಂತ ನಿಯಮ ಈಗಲೇ ಇದೆಯಲ್ಲ."

"ಉಂಟಾ ಸರ್? ನೋಡ್ಲಿಕ್ಕೆ ಯಾರೂ ಬರಲಿಲ್ಲ."

"ಈಗ ನಿಮ್ಮ ಅಭಿಪ್ರಾಯ ಏನು? ಸರಕಾರ ನೋಡಬೇಕಾ?"

"ಯಾವುದು ಮುಂದೆ, ಯಾವುದು ಹಿಂದೆ ಅಂತ ನಾನೊಬ್ಬನೇ ಕೂತು ಹೇಳಿದ್ದು ಸರ್. ನೂರ ಎಂಬತ್ತು ಮನೆಗೆ. ಯಾರೂ ಕೇಳಲಿಲ್ಲ. ಒಬ್ಬರು ಕೇಳಬೇಕಿತ್ತು."

ತ್ಯಾಂಪಣ್ಣ ತಲೆ ತಗ್ಗಿಸಿ ಕೂತಿದ್ದರು. ಕಾರಿಗೆ ಕರೆಯಲಿಲ್ಲ. ನಾನೂ ನಿಲ್ಲಲಿಲ್ಲ. ಬೇರೆಯವರ ಬಾಯಿಂದ ಕೇಳುವ ಮೊದಲು ಅವಳಿಗೆ ನಾನೇ ಹೇಳಬೇಕು. ಬಸ್ ಬಂತು.

ಅದೇ ದಿನ, ಮನೆ, 7.10

ಹೇಳಿದೆ.

ಸಿಸ್ಟರ್ 7.41ಕ್ಕೇ ಕಳಿಸಿದ್ದರು ಎಂದಾಗ ಅವಳು ನಂಬಲಿಲ್ಲ. "ಮತ್ತೆ ಅಷ್ಟು ಹೊತ್ತು ಅದು ಎಲ್ಲಿತ್ತು ಅಪ್ಪ?"

ನನ್ನ ಹತ್ತಿರ ಇತ್ತು ಎಂದೆ. ಎಲ್ಲ ಬಿಡಿಸಿ ಹೇಳಿದೆ. ಅವಳು ಅಳಲಿಲ್ಲ. ನನ್ನನ್ನು ನೋಡಿದಳು... ಆಮೇಲೆ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಇಳಿದಳು. ನಾನೂ ಎದ್ದೆ.

"ನೀವು ಬರುದು ಬೇಡ."

ಕ್ಲಿನಿಕ್ಕಿನ ದಾರಿ ಹಿಡಿದಳು. ಅರ್ಧ ಗಂಟೆಯಾಯಿತು. ಕತ್ತಲಾಗುತ್ತಿದೆ. ಟಾರ್ಚ್ ತೆಗೆದುಕೊಂಡು ಹೋಗಲೇ ಎಂದು— ಈಗ ತೋಟದ ದಾರಿಯಲ್ಲಿ ಮಾತು ಕೇಳುತ್ತಿದೆ. ಹೆಂಗಸರ ಸ್ವರ. ಇಬ್ಬರು. ಹೇಮಶ್ರೀಯ ಜೊತೆ ಸಿಸ್ಟರ್ ಬರುತ್ತಿದ್ದಾರೆ.