ಕಂಬಿಯ ಮೇಲಿದ್ದ ನಂಬರು

ಜಲಪಾತದ ದಾರಿಯ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ನೋಟಿಸು ತಲುಪಿತು. ಜಲಪಾತದ ಮೇಲಿನ ವೀಕ್ಷಣಾ ಕಟ್ಟೆಯ ಕಂಬಿಯ ಮೇಲೆ ನನ್ನ ವೆಲ್ಡಿಂಗ್ ಅಂಗಡಿಯ ಫೋನ್ ನಂಬರು ಬರೆದಿರುವುದು ಸರ್ಕಾರಿ ಸ್ವತ್ತಿನ ದುರುಪಯೋಗವಂತೆ. ಏಳು ದಿನದೊಳಗೆ ಅಳಿಸದಿದ್ದರೆ ಕ್ರಮವಂತೆ. ನಾಲ್ಕು ವರ್ಷದಲ್ಲಿ ಆ ದಾರಿಯಲ್ಲಿ ಒಂಬತ್ತು ಜನ ಸತ್ತಿದ್ದಾರೆ. ಅಷ್ಟೂ ವರ್ಷದಲ್ಲಿ ತಮ್ಮ ಕಚೇರಿಯಿಂದ ಹೊರಬಿದ್ದ ಮೊದಲ ಕಾಗದ ಇದು. ಅದರಲ್ಲಿ ಸತ್ತವರ ಸುದ್ದಿಯೇ ಇಲ್ಲ, ಬಣ್ಣದ ಸುದ್ದಿ ಇದೆ. ತಮ್ಮ ಕಣ್ಣು ಎಷ್ಟು ಚುರುಕು ಸ್ವಾಮಿ!

ಕಂಬಿ ಮಾಡಿದವನು ನಾನೇ. ಅಳತೆ ತೆಗೆದ ದಿನ ಮೂರನೇ ತಿರುವಿನಲ್ಲಿ ನಿಂತು ತಮ್ಮ ಇಂಜಿನಿಯರಿಗೆ ಹೇಳಿದ್ದೆ: “ಸಾರ್, ಕಂಬಿ ಬೇಕಾಗಿರೋದು ಇಲ್ಲಿ. ಇಲ್ಲಿ ಕಾಲು ಜಾರಿದ್ರೆ ಹಿಡ್ಕೊಳ್ಳೋಕೆ ಒಂದು ಹುಲ್ಲುಕಡ್ಡೀನೂ ಇಲ್ಲ.”

ಅವರು ನಕ್ಕರು. “ಇಲ್ಲಿ ಹಾಕಿದ್ರೆ ಫೋಟೋದಲ್ಲಿ ನೀರು ಬರಲ್ಲ ಕಣಯ್ಯ. ಉದ್ಘಾಟನೆ ಇರೋದು ಮೇಲಿನ ಕಟ್ಟೇಲಿ.”

ನಾನು ಬಾಯಿ ಮುಚ್ಚಿಕೊಂಡು ಅವರು ತೋರಿಸಿದ ಕಡೆ ಹಾಕಿದೆ. ಅದು ನನ್ನ ತಪ್ಪು. ನಮ್ಮ ಕಸುಬಿನಲ್ಲಿ ಗೇಟು ಮಾಡಿದವನು ಮೂಲೆಯಲ್ಲಿ ತನ್ನ ನಂಬರು ಬರೆಯುವುದು ವಾಡಿಕೆ. ನೋಡಿದವರು ನಾಲ್ಕು ಕೆಲಸ ಕೊಡಲಿ ಎಂದು ನಾನೂ ಕೆಂಪು ಬಣ್ಣದಲ್ಲಿ ಬರೆದೆ.

ಮೊದಲು ಬಂದ ಕರೆ ಗೇಟಿನದಲ್ಲ. “ಅಣ್ಣಾ, ಕಂಬಿ ಮೇಲೆ ಈ ನಂಬರ್ ಇತ್ತು. ನಮ್ಮೆಜಮಾನ್ರು ಕೆಳಗೆ ಬಿದ್ದಿದಾರೆ, ಇನ್ನೂ ಕೂಗ್ತಾ ಇದಾರೆ. ಬೇಗ ಬನ್ನಿ ಅಣ್ಣಾ!” ಇಡೀ ದಾರಿಯಲ್ಲಿ ಇದ್ದದ್ದು ಅದೊಂದೇ ನಂಬರು. ಪಾಪ, ಆ ಹೆಂಗಸು ನನ್ನನ್ನು ಸರ್ಕಾರ ಎಂದುಕೊಂಡಿದ್ದಳು. ಹಗ್ಗ, ಹಾರೆ ಹಿಡಿದು ಓಡಿದೆ. ಅವಳ ಗಂಡ ಮೂರನೇ ತಿರುವಿನಲ್ಲಿ ಜಾರಿ, ಬಂಡೆಯಿಂದ ಬಂಡೆಗೆ ಬಡಿದುಕೊಂಡು ಬಿದ್ದಿದ್ದ. ಮೊಣಕಾಲಿನ ಮೂಳೆ ಪ್ಯಾಂಟು ಹರಿದು ಹೊರಗೆ ಬಂದಿತ್ತು. ನೋವು ತಡೆಯಲಾರದೆ ತನ್ನ ಮುಂಗೈಯನ್ನೇ ಕಚ್ಚಿ ಮಾಂಸ ಕಿತ್ತಿದ್ದ. ಬೆನ್ನಿಗೆ ಕಟ್ಟಿಕೊಂಡು ಹತ್ತುವಾಗ ನನ್ನ ಕುತ್ತಿಗೆಯ ಮೇಲೆ ಅವನ ಬಿಸಿ ರಕ್ತ ಇಳಿಯುತ್ತಿತ್ತು. ಅದು ತಣ್ಣಗಾದಾಗ ಅವನು ಹೋದನೆಂದು ಗೊತ್ತಾಯಿತು. ಅವತ್ತಿನಿಂದ ನಲವತ್ತೊಂದು ಕರೆ ಬಂದಿವೆ. ಒಂದಕ್ಕೂ ಇಲ್ಲ ಎಂದಿಲ್ಲ.

ಕಳೆದ ತಿಂಗಳು ಅದೇ ತಿರುವಿನಲ್ಲಿ ಒಬ್ಬ ಹುಡುಗಿ ಜಾರಿದಳು. ಮೇಲೆ ತಂದು ಮಲಗಿಸಿದಾಗ ತಲೆಯ ಒಂದು ಪಕ್ಕ ಇರಲಿಲ್ಲ. ಗುಂಪಿನಲ್ಲಿ ಯಾರೋ ಕೂಗಿದ: “ಇವನೇ ಕಣ್ರೋ ಕಂಬಿ ಮಾಡಿದವನು! ನಂಬರ್ ಬೇರೆ ಬರ್ಕೊಂಡಿದಾನೆ!” ಹಗ್ಗ ಕಟ್ಟಲು ನಾನೇ ನೆಟ್ಟಿದ್ದ ಹಾರೆಯನ್ನು ಕಿತ್ತು ಹುಡುಗಿಯ ಅಣ್ಣ ನನಗೆ ಬಾರಿಸಿದ. ಮೂರು ಹಲ್ಲು ಹೋದವು. ಅಡ್ಡ ಹಿಡಿದ ಎಡಗೈ ಸೌದೆಯ ಹಾಗೆ ಲಟಕ್ಕೆಂದಿತು. ಅವನು ಅಳುತ್ತಲೇ ಹೊಡೆಯುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಕೇಳಿದ್ದೆ. ಎಮ್ಮೆಯಾಗಿ ನೋಡಿದ್ದು ಅವತ್ತೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೊಡೆಯಲು ಯಾರಾದರೂ ಬೇಕಿತ್ತು, ತಮ್ಮ ಪೈಕಿ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಗಂಜಿ ಕುಡಿಸುತ್ತಾ ನನ್ನ ಹೆಂಡತಿ ಅಂದಳು: “ಯಾರ್ದೋ ಬೆನ್ನಿಗೆ ಬೀಳಬೇಕಾಗಿದ್ದ ಏಟು ಕಣ್ರೀ ಇದು.” ಯಾರ ಬೆನ್ನು ಎಂದು ತಮಗೆ ಬಿಡಿಸಿ ಹೇಳಬೇಕೆ?

ಹುಡುಗಿ ಜಾರಿದ್ದು ತಮ್ಮ ಕಾಂಕ್ರೀಟಿನ ಮೇಲೆ. ಹಿಂದೆ ಅಲ್ಲಿದ್ದದ್ದು ಮರದ ನೆರಳಲ್ಲಿ ಬಳಸಿಕೊಂಡು ಇಳಿಯುವ ಕಾಲುದಾರಿ. ಉದ್ಘಾಟನೆಗೆ ಬರುವ ದೊಡ್ಡವರಿಗೆ ಏದುಸಿರು ಬರಬಾರದೆಂದು ತಾವು ಆ ತಿರುವಿನಿಂದಾಚೆ ಗುಡ್ಡವನ್ನು ನೆಟ್ಟಗೆ ಸೀಳಿ ಇಳಿಜಾರು ಹಾಕಿಸಿದಿರಿ. ಈಗ ಮಳೆನೀರೆಲ್ಲ ಅದರ ಮೇಲೇ ಹರಿದು ಪಾಚಿ ಕಟ್ಟಿದೆ. ಪಾಚಿಗೆ ಹೆದರಿದ ಜನ ಪಕ್ಕದ ಮಣ್ಣು ತುಳಿಯುತ್ತಾರೆ. ಸಸಿಗಳು ಸತ್ತಿವೆ, ಮರದ ಬೇರುಗಳು ಬಯಲಿಗೆ ಬಿದ್ದಿವೆ, ಗುಡ್ಡ ದಿನಾ ಒಂದಿಷ್ಟು ಕುಸಿಯುತ್ತಿದೆ. ಹೀಗೇ ಹೋದರೆ ಇನ್ನು ಹತ್ತು ವರ್ಷಕ್ಕೆ ದಾರಿಯೂ ಇರುವುದಿಲ್ಲ, ಗುಡ್ಡವೂ ಇರುವುದಿಲ್ಲ. ತಮ್ಮ ಫೋಟೋ ಇರುತ್ತದೆ.

ನನ್ನ ಬೇಡಿಕೆ ಕೇಳಿ. ಆ ಕಾಂಕ್ರೀಟನ್ನು ಒಡೆಸಿ. ಹಳೆಯ ದಾರಿಗೆ ಕಲ್ಲಿನ ಮೆಟ್ಟಿಲು ಕಟ್ಟಿ, ನೀರು ಹೋಗಲು ಪಕ್ಕದಲ್ಲಿ ಚರಂಡಿ ಮಾಡಿ. ತುಳಿದು ಹಾಳಾದ ಜಾಗಕ್ಕೆ ಬೇಲಿ ಹಾಕಿ ಸಸಿ ಏಳುವವರೆಗೆ ಬಿಡಿ. ಒಮ್ಮೆಗೆ ಇಷ್ಟೇ ಜನ ಎಂದು ಗೇಟಿನಲ್ಲಿ ತಡೆಯಿರಿ, ಜೋರು ಮಳೆಯಲ್ಲಿ ಗೇಟೇ ಮುಚ್ಚಿ. ಹಗ್ಗ ಹಿಡಿಯಲು ಬರುವ ಇಬ್ಬರನ್ನು ದಾರಿಯಲ್ಲೇ ಇಡಿ. ಮೂರನೇ ತಿರುವಿಗೆ ಕಂಬಿ ನಾನೇ ಬಂದು ಹಾಕುತ್ತೇನೆ, ಒಂದೇ ಕೈಯಲ್ಲಿ. ನಿಧಾನವಾಗುತ್ತದೆ, ಬೈಯಬೇಡಿ.

ಇನ್ನು ತಮ್ಮ ಆದೇಶದ ಮಾತು. ನಿನ್ನೆ ಹೋಗಿ ನನ್ನ ನಂಬರು ಉಜ್ಜಿ ಅಳಿಸಿದೆ. ಕಂಬಿ ಖಾಲಿಯಾಯಿತು. ಬಿದ್ದವರ ಕಡೆಯವರು ಇನ್ನು ಯಾರನ್ನು ಕರೆಯಬೇಕು? ಅದಕ್ಕೇ ಅದೇ ಜಾಗದಲ್ಲಿ, ಅದೇ ಕೆಂಪು ಬಣ್ಣದಲ್ಲಿ, ನೋಟಿಸಿನ ತಲೆಯ ಮೇಲೆ ಅಚ್ಚಾಗಿದ್ದ ತಮ್ಮ ನಂಬರು ಬರೆದು ಬಂದಿದ್ದೇನೆ. ಸರ್ಕಾರಿ ಸ್ವತ್ತಿನ ಮೇಲೆ ಸರ್ಕಾರಿ ನಂಬರು, ದುರುಪಯೋಗವೇನೂ ಆಗದು.

ಭಾನುವಾರ ಜನ ಜಾಸ್ತಿ. ಫೋನು ಹತ್ತಿರವೇ ಇಟ್ಟುಕೊಂಡಿರಿ. ಎತ್ತಿದ ಕೂಡಲೇ ಆ ಕಡೆಯವರು ಕೇಳುವುದು ಒಂದೇ: “ಎಷ್ಟೊತ್ತಿಗೆ ಬರ್ತೀರಾ?” ಏನಾದರೊಂದು ಉತ್ತರ ಈಗಲೇ ಯೋಚಿಸಿಟ್ಟುಕೊಳ್ಳಿ.

ಇಂತಿ,
ನಾಲ್ಕು ವರ್ಷ ತಮ್ಮ ಪರವಾಗಿ ಫೋನು ಎತ್ತಿದ
ಒಂಟಿಗೈ ವೆಲ್ಡರು